ಒಂಬತ್ತು ದಿನಗಳ ಅಂತರ: ಬಂಧನ, ಸಾಕ್ಷ್ಯ ಮತ್ತು ಧರ್ಮಸಭೆಯ ಸ್ಮೃತಿ

ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನಲ್ಲಿ ಸೆರೆವಾಸವೆಂಬುದು ಅವಮಾನದ ಮಾತಲ್ಲ. ದಂಡಿಯಾತ್ರೆಯಲ್ಲಿ ಗಾಂಧೀಜಿಯವರೊಡನೆ ನಡೆದು ಸೆರೆಮನೆ ಕಂಡ ಮೈಲಾರ ಮಹಾದೇವಪ್ಪನವರು ಈ ಊರಿನವರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದರು. ಪರಕೀಯ ಪ್ರಭುತ್ವವು ಬಂಧಿಸಿದವರನ್ನು ನಾವು ಗೌರವದಿಂದ ಸ್ಮರಿಸುತ್ತೇವೆ. ಆದರೆ ಸ್ವಂತ ಪ್ರಭುತ್ವವೇ ಪ್ರಜೆಗಳನ್ನು ಬಂಧಿಸಿದಾಗ ಆ ಬಂಧನದ ವೃತ್ತಾಂತವನ್ನು ಯಾರ ಬಾಯಿಂದ ಕೇಳಬೇಕು? ತುರ್ತುಪರಿಸ್ಥಿತಿಯ ಕಾಲದ ಬೆಂಗಳೂರಿನ ಎರಡು ಪ್ರಸಂಗಗಳು ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತವೆ.

1976ರ ಏಪ್ರಿಲ್ 28ರಂದು, ತುರ್ತುಪರಿಸ್ಥಿತಿಯಲ್ಲಿ ಬಂಧಿತರು ಹೇಬಿಯಸ್ ಕಾರ್ಪಸ್ ಪರಿಹಾರವನ್ನು ಕೋರಲಾಗದೆಂದು ಸರ್ವೋಚ್ಚ ನ್ಯಾಯಾಲಯವು ಬಹುಮತದಿಂದ ತೀರ್ಪಿತ್ತಿತು. ನ್ಯಾಯಮೂರ್ತಿ ಎಚ್. ಆರ್. ಖನ್ನಾ ಒಬ್ಬರೇ ಭಿನ್ನಮತ ಬರೆದರು. ಮೂರು ದಿನಗಳ ತರುವಾಯ, ಮೇ 1ರಂದು, ಭೂಗತರಾಗಿದ್ದ ಜಾರ್ಜ್ ಫರ್ನಾಂಡಿಸರ ಸಹೋದರ ಲಾರೆನ್ಸ್ ಫರ್ನಾಂಡಿಸರನ್ನು ಪೊಲೀಸರು ಬೆಂಗಳೂರಿನ ಮನೆಯಿಂದ ಕರೆದೊಯ್ದರು. ಅಣ್ಣನ ಸುಳಿವು ಹೇಳಬೇಕೆಂದು ಅವರನ್ನು ಹಿಂಸಿಸಲಾಯಿತು. ಪೊಲೀಸ್ ದಾಖಲೆಯಲ್ಲಿ ಬಂಧನದ ದಿನ ಮಾತ್ರ ಮೇ 10. ತಾಯಿ ಆಲಿಸ್ ಫರ್ನಾಂಡಿಸರು ರಾಷ್ಟ್ರಪತಿಗಳಿಗೆ ಪತ್ರ ಬರೆದು ಮಗನನ್ನು ಒಯ್ದ ದಿನವನ್ನೂ ಅವನ ದೇಹಸ್ಥಿತಿಯನ್ನೂ ನಿವೇದಿಸಿಕೊಂಡರು. ಸರ್ಕಾರದ ಕಾಗದಕ್ಕೂ ತಾಯಿಯ ಕಾಗದಕ್ಕೂ ನಡುವೆ ಒಂಬತ್ತು ದಿನಗಳ ಅಂತರ. ಹಿಂಸೆ ನಡೆದದ್ದು ಆ ಅಂತರದೊಳಗೆ.

ಅದೇ ತಿಂಗಳ ಆರಂಭದಲ್ಲಿ ಬಂಧಿತರಾದ ನಟಿ ಸ್ನೇಹಲತಾ ರೆಡ್ಡಿಯವರು ಕ್ರೈಸ್ತ ಕುಟುಂಬದಲ್ಲಿ ಹುಟ್ಟಿದವರು. ಆರೋಪಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಆದರೂ ಮೀಸಾ ಕಾಯ್ದೆಯಡಿ ಅವರನ್ನು ಬೆಂಗಳೂರು ಕೇಂದ್ರ ಕಾರಾಗೃಹದಲ್ಲಿ ಇರಿಸಲಾಯಿತು. ಉಬ್ಬಸದಿಂದ ಬಳಲುತ್ತಲೇ ಅವರು ದಿನಚರಿ ಬರೆದರು. 1977ರ ಜನವರಿ 15ರಂದು ಪೆರೋಲಿನ ಮೇಲೆ ಹೊರಬಂದು, ಅದೇ 20ರಂದು ತೀರಿಕೊಂಡರು. ದಿನಚರಿ ಮರಣಾನಂತರ ಅಚ್ಚಾಯಿತು. ಮೀಸಾ ಅಡಿಯಲ್ಲಿ ಬಂಧಿತರಾದವರು 34,988 ಮಂದಿ ಎಂದು ಶಾ ಆಯೋಗ ಲೆಕ್ಕವಿಟ್ಟಿತು. ಆ ಎಣಿಕೆಯೊಳಗಿನ ಒಬ್ಬಳು ಹೇಗೆ ಉಸಿರಾಡಿದಳೆಂಬುದನ್ನು ಹೇಳುವುದು ದಿನಚರಿ.

ಇಂದು ಇದೇ ಪ್ರಶ್ನೆ ಚೀನಾದ ಷಿನ್‌ಜಿಯಾಂಗ್ ಪ್ರಾಂತದ ಉಯಿಘರ್ ಮುಸಲ್ಮಾನರ ವಿಷಯದಲ್ಲಿ ಎದ್ದಿದೆ. 2018ರ ಆಗಸ್ಟಿನಲ್ಲಿ ಚೀನಾ ಸರ್ಕಾರವು ವಿಶ್ವಸಂಸ್ಥೆಯ ಸಮಿತಿಯೊಂದರ ಮುಂದೆ ಬಂಧನ ಶಿಬಿರಗಳಿಲ್ಲವೆಂದಿತು. ಅಕ್ಟೋಬರಿನಲ್ಲಿ ಅವು ವೃತ್ತಿಶಿಕ್ಷಣ ಕೇಂದ್ರಗಳೆಂದಿತು. 2019ರ ಡಿಸೆಂಬರಿನಲ್ಲಿ ಎಲ್ಲರೂ ಶಿಕ್ಷಣ ಮುಗಿಸಿದರೆಂದಿತು. ಆಹ್ವಾನಿತ ಪತ್ರಕರ್ತರ ಎದುರು ಅಲ್ಲಿದ್ದವರು ತಾವು ಸ್ವಇಚ್ಛೆಯಿಂದ ಬಂದವರೆಂದು ನುಡಿದರು. 2022ರ ಆಗಸ್ಟ್ 31ರಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿಯು ಈ ಬಂಧನಗಳು ಮಾನವತೆಯ ವಿರುದ್ಧದ ಅಪರಾಧಗಳಾಗಿರಬಹುದೆಂದು ವರದಿ ಮಾಡಿತು.

ಕಾವಲಿನಲ್ಲಿರುವವನ ನುಡಿಯನ್ನು ನಾವು ಹೇಗೆ ತೂಗಬೇಕು? 1872ರ ಭಾರತೀಯ ಸಾಕ್ಷ್ಯ ಅಧಿನಿಯಮವು ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತುಪಡಿಸಲಾಗದೆಂದಿತು. ಅದರ ಹಿಂದಿನ ವಿವೇಕ ಸರಳವಾದುದು: ನುಡಿದವನು ನಾಳೆ ಅದನ್ನು ನಿರ್ಭಯವಾಗಿ ಅಲ್ಲಗಳೆಯಬಲ್ಲನೇ? ಅಲ್ಲಗಳೆಯಲಾರನಾದರೆ ಆ ನುಡಿಯು ಕಾವಲುಗಾರನ ಬಗ್ಗೆ ಹೇಳುವಷ್ಟನ್ನು ಬಂಧಿತನ ಬಗ್ಗೆ ಹೇಳದು.

ಸಂತ ಮತ್ತಾಯರ ಶುಭಸಂದೇಶವು ಇಲ್ಲಿ ನಮಗೆ ಮಾರ್ಗದರ್ಶಿ. ಬರಿದಾದ ಸಮಾಧಿಯ ಕಾವಲುಗಾರರಿಗೆ ಹಣವಿತ್ತು, ಶಿಷ್ಯರು ದೇಹವನ್ನು ಕದ್ದೊಯ್ದರೆಂದು ಹೇಳಿಸಿದ ಸಂಗತಿಯನ್ನು ಮತ್ತಾಯರು ಮುಚ್ಚಿಡಲಿಲ್ಲ (28:11-15). ಅಧಿಕಾರಸ್ಥರ ಹೇಳಿಕೆಯನ್ನೂ, ಅದು ಹುಟ್ಟಿದ ಬಗೆಯನ್ನೂ ಬರೆದು, ಸ್ತ್ರೀಯರ ಸಾಕ್ಷ್ಯದ ಪಕ್ಕದಲ್ಲಿಟ್ಟರು.

ನಮ್ಮ ಗುರು ಅಭ್ಯರ್ಥಿಗಳು ದೀಕ್ಷಾಸ್ನಾನದ ದಾಖಲೆ ಪುಸ್ತಕದಲ್ಲಿ ಹೆಸರು, ದಿನಾಂಕ, ಸಾಕ್ಷಿಗಳನ್ನು ತಪ್ಪಿಲ್ಲದೆ ಬರೆಯಲು ಕಲಿಯುತ್ತಾರೆ. ಮುಂದೊಮ್ಮೆ ಯಾವ ಧರ್ಮದ ತಾಯಿಯಾದರೂ ಧರ್ಮಕೇಂದ್ರದ ಬಾಗಿಲಿಗೆ ಬಂದು, ಮಗನನ್ನು ಕರೆದೊಯ್ದರೆಂದು ಹೇಳಿದರೆ ಅದೇ ಶ್ರದ್ಧೆ ಬೇಕಾಗುತ್ತದೆ. ಆಕೆ ಹೇಳಿದ ದಿನವನ್ನು ಅಂದೇ ಬರೆದಿಡಬೇಕು. ಅಧಿಕಾರಿಗಳು ಹೇಳುವ ದಿನವನ್ನೂ ಅದರ ಪಕ್ಕದಲ್ಲಿ ಬರೆಯಬೇಕು. ಸೆರೆಯಲ್ಲಿದ್ದ ತನ್ನನ್ನು ಸಂಧಿಸಿದಿರಾ ಎಂದು ಕೇಳುವ ಪ್ರಭುವಿಗೆ ನಾವು ಕೊಡಬಹುದಾದ ಉತ್ತರದ ಮೊದಲ ಸಾಲು ಅದು.