ದೇವರಕಾಡು ಮತ್ತು ವನದೈವಗಳು

ಕಾಡಿನ ಒಂದು ಭಾಗವನ್ನು ಊರವರು ದೈವಕ್ಕೆ ಬಿಟ್ಟು, ಅಲ್ಲಿ ಅಪ್ಪಣೆಯಿಲ್ಲದೆ ಮರ ಕಡಿಯದಂತೆ ಕಟ್ಟು ಮಾಡಿಕೊಂಡರೆ ಅದು ದೇವರಕಾಡು. ಕೊಡಗಿನಲ್ಲಿ ಇದೇ ಹೆಸರು. ಮಲೆನಾಡಿನಲ್ಲಿ ದೇವರಕಾನು, ಕರಾವಳಿಯಲ್ಲಿ ನಾಗಬನ. ಚೌಡಿ, ಭೂತಪ್ಪರಂಥ ಕಿರುದೈವಗಳಿಗೆ ಹಲವೆಡೆ ಗುಡಿಯೂ ಇಲ್ಲ, ಮರದ ಬುಡದ ಕಲ್ಲೇ ನೆಲೆ. ಇದನ್ನೆಲ್ಲ ಮರಪೂಜೆ ಎಂದು ಕರೆಯುವ ರೂಢಿಯಿದೆ. ಆದರೆ ಆಚರಣೆಗಳನ್ನು ಗಮನಿಸಿದರೆ ಈ ದೈವಗಳು ಕಾಡಿನ ಒಡೆಯರಾಗಿ ಕಾಣುತ್ತವೆ. ಕೊಡಗಿನ ಅಯ್ಯಪ್ಪ ಬೇಟೆಯ ದೈವ; ಅವನಿಗೆ ಹರಕೆಯಾಗಿ ಒಪ್ಪಿಸುವುದು ಮಣ್ಣಿನ ನಾಯಿಗಳನ್ನು.

ಪ್ರಾಚೀನ ರೋಮ್‌ನಲ್ಲೂ ಹೀಗೇ ಇತ್ತು. ಕ್ರಿ.ಪೂ. 2ನೆಯ ಶತಮಾನದ ಕೇಟೋ ತನ್ನ ಕೃಷಿಗ್ರಂಥದಲ್ಲಿ, ತೋಪಿನ ಮರ ಸವರುವ ಮೊದಲು ಅಲ್ಲಿನ ದೈವಕ್ಕೆ ಹಂದಿಯನ್ನು ಬಲಿ ಕೊಡಬೇಕೆನ್ನುತ್ತಾನೆ. ಆ ದೈವ ಗಂಡೋ ಹೆಣ್ಣೋ ಗೊತ್ತಿರಬೇಕಾಗಿಯೂ ಇಲ್ಲ. ಕ್ರಿ.ಶ. 183ರಲ್ಲಿ ದೇಯಾ ದಿಯಾ ದೇವಿಯ ಗುಡಿಯ ಮೇಲೆ ಬೆಳೆದ ಅಂಜೂರದ ಗಿಡ ತೆಗೆಯುವಾಗ ಅರ್ವಲ್ ಪುರೋಹಿತರು ಅಡೊಲೆಂಡಾ, ಕೊಮ್ಮೊಲೆಂಡಾ, ಡೆಫೆರುಂಡಾ ಎಂಬ ಕಿರುದೇವತೆಗಳಿಗೂ ಬಲಿ ಕೊಟ್ಟರು. ಸುಡುವುದಕ್ಕೆ, ಒಡೆಯುವುದಕ್ಕೆ, ಇಳಿಸುವುದಕ್ಕೆ ಒಬ್ಬೊಬ್ಬಳು. ಎರಡೂ ಕಡೆ ಕಡಿಯುವುದು ಸಾಧ್ಯವಿತ್ತು, ಅಪ್ಪಣೆಯಿಲ್ಲದೆ ಕಡಿಯುವುದು ತಪ್ಪಾಗಿತ್ತು.

ಕಾಡನ್ನು ಉಳಿಸಿದ್ದು ಭಕ್ತಿಯಲ್ಲ, ಉಪಯೋಗ ಎಂಬ ಆಕ್ಷೇಪವಿದೆ. ಕಾನುಗಳಿಂದ ಮೆಣಸು, ಜೇನು, ನೀರು ದೊರೆಯುತ್ತಿದ್ದುದು ನಿಜ. ಆದರೆ ಉಪಯೋಗವೇ ಕಾಡು ಬರಿದಾಗಲೂ ಕಾರಣವಾಗುತ್ತದೆ. ಎಲ್ಲರೂ ಬಳಸುವ ಕಾಡಿಗೆ ಎಲ್ಲರೂ ಅಂಜುವ ಒಬ್ಬ ಒಡೆಯ ಬೇಕಿತ್ತು. ದೈವಕ್ಕೆ ಅಷ್ಟು ಬಲವಿದ್ದರೆ ಕೊಡಗಿನ ದೇವರಕಾಡು ಕರಗಿದ್ದೇಕೆ ಎಂಬ ಪ್ರಶ್ನೆ ಇದಕ್ಕಿಂತ ಗಟ್ಟಿಯಾದದ್ದು. 20ನೆಯ ಶತಮಾನದ ಆರಂಭದಲ್ಲಿ ಸುಮಾರು 15,500 ಎಕರೆ ಇದ್ದದ್ದು 1985ರ ಹೊತ್ತಿಗೆ ಸುಮಾರು 6,300 ಎಕರೆಗೆ ಇಳಿದಿತ್ತು. ಈ ಅವಧಿಯಲ್ಲಿ ದೇವರಕಾಡುಗಳು ಕಂದಾಯ ಇಲಾಖೆಯ ಕೈಯಲ್ಲಿದ್ದವು. ಒತ್ತುವರಿಯೂ ಕಾಫಿತೋಟವೂ ಹಬ್ಬಿದವು. ಊರಿನ ಕಟ್ಟಿಗೆ ತಲೆಬಾಗದವರ ಮೇಲೆ, ಪಹಣಿಯಲ್ಲಿ ಹೆಸರಿಲ್ಲದ ಒಡೆಯನ ಮಾತು ನಡೆಯಲಿಲ್ಲ. ಹಾಗಾಗಿ ಈ ಕುಸಿತ ವಾದವನ್ನು ಅಲ್ಲಗಳೆಯುವುದಿಲ್ಲ, ದೈವದ ಅಧಿಕಾರ ಎಲ್ಲಿಯವರೆಗೆ ಎಂಬುದನ್ನು ತೋರಿಸುತ್ತದೆ.

ಆ ಅಧಿಕಾರ ಮುಗಿಯುವಲ್ಲಿ ಕಾನೂನು ಬರಬಹುದು. ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನಲ್ಲಿ ಹಳೆಯ ಹುಣಸೆ ತೋಪಿದೆ. 54 ಎಕರೆಯ ಈ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ಇಲ್ಲಿ ಕಾನೂನು ಒಡೆಯನ ಜಾಗಕ್ಕೆ ಬಂದಿದೆ. ಗಡಿಯನ್ನು ದಾಖಲೆಯಲ್ಲಿ ಬರೆದಿಡುವುದು ದೈವಕ್ಕೆ ಆಗದ ಕೆಲಸ, ಕಾನೂನಿಗೆ ಆಗುವ ಕೆಲಸ. ಆ ಗಡಿಯನ್ನು ದಿನದಿನವೂ ಕಾಯಲು ಮಾತ್ರ ಎರಡಕ್ಕೂ ಊರವರೇ ಬೇಕು.