ಹೆಪಟೈಟಿಸ್ ಸಿ: ಒಬ್ಬರಿಗೆ ತಾನಾಗಿ ವಾಸಿ, ಇನ್ನೊಬ್ಬರಿಗೆ ದೀರ್ಘಕಾಲದ ಕಾಯಿಲೆ ಏಕೆ?

ಮುಂಬೈನ ಕಾಂದಿವಲಿಯ ಒಂದೇ ಕಟ್ಟಡದ ಇಬ್ಬರಿಗೆ ಹೆಪಟೈಟಿಸ್ ಸಿ ವೈರಸ್ ತಗುಲಿತು ಎಂದುಕೊಳ್ಳಿ. ಒಬ್ಬರ ದೇಹ ಔಷಧವಿಲ್ಲದೆಯೇ ಅದನ್ನು ಹೊರಹಾಕಬಹುದು. ಇನ್ನೊಬ್ಬರ ಲಿವರ್‌ನಲ್ಲಿ ಅದು ಲಕ್ಷಣವೇ ತೋರದೆ ವರ್ಷಗಟ್ಟಲೆ ಉಳಿಯಬಹುದು. ಈ ವ್ಯತ್ಯಾಸಕ್ಕೆ ವಂಶವಾಹಿಯೂ ಒಂದು ಕಾರಣ.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ, ಸೋಂಕಿತರಲ್ಲಿ ಸುಮಾರು ಶೇ.30ರಷ್ಟು ಮಂದಿ 6 ತಿಂಗಳೊಳಗೆ ತಾವಾಗಿಯೇ ಗುಣವಾಗುತ್ತಾರೆ. ಉಳಿದವರಲ್ಲಿ ಸೋಂಕು ದೀರ್ಘಕಾಲ ಉಳಿಯುತ್ತದೆ. ಅಂಥವರಲ್ಲಿ ಶೇ.15ರಿಂದ 30ರಷ್ಟು ಮಂದಿಗೆ 20 ವರ್ಷಗಳೊಳಗೆ ಲಿವರ್ ಸಿರೋಸಿಸ್ ಬರುವ ಅಪಾಯವಿದೆ.

2009ರಲ್ಲಿ ವಿಜ್ಞಾನಿಗಳು 19ನೇ ವರ್ಣತಂತುವಿನಲ್ಲಿರುವ ಐಎಲ್28ಬಿ ವಂಶವಾಹಿಯ ಬಳಿ ಡಿಎನ್‌ಎಯ ಒಂದೇ ಅಕ್ಷರದ ವ್ಯತ್ಯಾಸವನ್ನು ಗುರುತಿಸಿದರು. ಆ ಜಾಗದಲ್ಲಿ ತಂದೆ, ತಾಯಿ ಇಬ್ಬರಿಂದಲೂ 'ಸಿ' ಪಡೆದವರು ತಾವಾಗಿ ಗುಣವಾಗುವ ಸಾಧ್ಯತೆ ಹೆಚ್ಚು. 'ಟಿ' ಇದ್ದವರಲ್ಲಿ ಕಡಿಮೆ. ಆಗಿನ ಇಂಟರ್‌ಫೆರಾನ್ ಚುಚ್ಚುಮದ್ದು ಕೂಡ 'ಸಿ' ಗುಂಪಿನವರಿಗೇ ಹೆಚ್ಚು ಫಲ ಕೊಡುತ್ತಿತ್ತು.

ಹಾಗೆಂದು 'ಟಿ' ಇದ್ದವರು ಗಾಬರಿಯಾಗಬೇಕಿಲ್ಲ. ಸೊಫೊಸ್‌ಬುವಿರ್, ಡಕ್ಲಾಟಾಸ್ವಿರ್‌ನಂಥ ಇಂದಿನ ಮಾತ್ರೆಗಳಿಂದ ಶೇ.95ಕ್ಕೂ ಹೆಚ್ಚು ಮಂದಿ ಗುಣವಾಗುತ್ತಾರೆ. ಸಾಮಾನ್ಯವಾಗಿ 12 ವಾರಗಳ ಚಿಕಿತ್ಸೆ ಇರುತ್ತದೆ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಪರೀಕ್ಷೆ, ಔಷಧ ಉಚಿತ. ಇದಕ್ಕೆ ವಂಶವಾಹಿ ಪರೀಕ್ಷೆ ಬೇಕಿಲ್ಲ. ರಕ್ತದಲ್ಲಿ ವೈರಸ್ ಇದೆಯೇ ಎಂದು ಮೊದಲು ತಿಳಿದುಕೊಳ್ಳಬೇಕು.