ಮಂಜುನೆಲದಲ್ಲಿ ಸಿಕ್ಕ ಕತ್ತಿಹಲ್ಲಿನ ಮರಿ: ಹೋಮೋಥೀರಿಯಂ ನಿಜಕ್ಕೂ ಹೇಗಿತ್ತು?

'ಐಸ್ ಏಜ್' ಸಿನಿಮಾ ನೋಡಿದ್ದರೆ ಡಿಯೆಗೋ ನಿಮಗೆ ನೆನಪಿರಬಹುದು. ಬಾಯಿ ಮುಚ್ಚಿದರೂ ಹೊರಗೆ ಚಾಚಿಕೊಂಡೇ ಇರುವ ಎರಡು ಉದ್ದನೆಯ ಕೋರೆಹಲ್ಲು, ಕಂದು ಮೈ, ಗಡಸು ಮುಖ. ಮಕ್ಕಳ ಪುಸ್ತಕಗಳಲ್ಲೂ ಸಂಗ್ರಹಾಲಯಗಳ ಗೋಡೆಗಳ ಮೇಲೂ ಇಂಥದೇ ಚಿತ್ರಗಳನ್ನು ನೋಡಿದ್ದೇವೆ. ಆದರೆ ಆ ಮೈಬಣ್ಣ, ಆ ತುಟಿ, ಆ ಕಿವಿ ಹೀಗೆಯೇ ಇದ್ದವು ಅಂತ ಚಿತ್ರ ಬರೆದವರಿಗೆ ಗೊತ್ತಾಗಿದ್ದು ಹೇಗೆ?

ನಿಜ ಹೇಳಬೇಕೆಂದರೆ, ಗೊತ್ತಿರಲಿಲ್ಲ. ಕೈಯಲ್ಲಿ ಇದ್ದದ್ದು ಮೂಳೆ ಮತ್ತು ಹಲ್ಲು. ಉಳಿದದ್ದೆಲ್ಲ ಇಂದಿನ ಸಿಂಹ, ಹುಲಿ, ಚಿರತೆಗಳನ್ನು ನೋಡಿ ಮಾಡಿದ ಅಂದಾಜು. 2024ರ ನವೆಂಬರಿನಲ್ಲಿ ರಷ್ಯಾದ ವಿಜ್ಞಾನಿಗಳು 'ಸೈಂಟಿಫಿಕ್ ರಿಪೋರ್ಟ್ಸ್' ಪತ್ರಿಕೆಯಲ್ಲಿ ಒಂದು ಪುಟ್ಟ ಮರಿಯ ಬಗ್ಗೆ ಬರೆದ ಮೇಲೆ ಆ ಪರಿಸ್ಥಿತಿ ಬದಲಾಯಿತು. ಚರ್ಮ, ಕೂದಲು, ಮಾಂಸ ಸಮೇತ ಸಿಕ್ಕ ಕತ್ತಿಹಲ್ಲಿನ ಬೆಕ್ಕಿನ ಮರಿ ಅದು. ಅದರ ಪ್ರಭೇದದ ಹೆಸರು ಹೋಮೋಥೀರಿಯಂ ಲ್ಯಾಟಿಡೆನ್ಸ್.

ಮೊದಲು ಒಂದು ತಪ್ಪು ಕಲ್ಪನೆ ಬಿಡಿಸಿಕೊಳ್ಳೋಣ. 'ಕತ್ತಿಹಲ್ಲಿನ ಹುಲಿ' ಎನ್ನುವ ಹೆಸರು ಎಲ್ಲೆಡೆ ಬಳಕೆಯಲ್ಲಿದೆ, ಆದರೆ ಈ ಪ್ರಾಣಿಗಳು ಹುಲಿಗಳಲ್ಲ. ಹುಲಿಗಳ ಪೂರ್ವಜರೂ ಅಲ್ಲ. ಬೆಕ್ಕಿನ ಕುಟುಂಬದಲ್ಲೇ ಇವುಗಳದು ಬೇರೆಯೇ ಒಂದು ಕವಲು. ಹಳೆಯ ಮೂಳೆಗಳಿಂದ ತೆಗೆದ ಡಿಎನ್ಎ ಪರೀಕ್ಷಿಸಿದಾಗ, ಆ ಕವಲು ಇಂದಿನ ಬೆಕ್ಕುಗಳಿಂದ ಬೇರೆಯಾಗಿ ಸುಮಾರು 2 ಕೋಟಿ ವರ್ಷಗಳಾಗಿವೆ ಎಂದು ತಿಳಿಯಿತು. ಹುಲಿಗೂ ನಮ್ಮ ಮನೆಯ ಬೆಕ್ಕಿಗೂ ಇರುವ ನಂಟು ಇದಕ್ಕಿಂತ ಎಷ್ಟೋ ಹತ್ತಿರದ್ದು. ಹಾಗಾಗಿ 'ಕತ್ತಿಹಲ್ಲಿನ ಬೆಕ್ಕು' ಎನ್ನುವುದೇ ಸರಿ, ಕೇಳಲು ಅಷ್ಟು ಗತ್ತಿಲ್ಲದಿದ್ದರೂ!

ಈ ಗುಂಪಿನಲ್ಲೂ ಹಲವು ಬಗೆಗಳಿದ್ದವು. ಸಿನಿಮಾಗಳಲ್ಲಿ ಕಾಣುವುದು ಹೆಚ್ಚಾಗಿ ಅಮೆರಿಕ ಖಂಡಗಳಲ್ಲಿದ್ದ ಸ್ಮೈಲೋಡಾನ್: ಗಿಡ್ಡ ಕಾಲು, ದಪ್ಪ ಮೈ, ಕಠಾರಿಯಂಥ ಉದ್ದನೆಯ ಕೋರೆ. ನಮ್ಮ ದೇಶದ ಶಿವಾಲಿಕ್ ಬೆಟ್ಟಗಳಲ್ಲಿ ಮೆಗಾಂಟೆರಿಯಾನ್ ಎಂಬ ಇನ್ನೊಂದು ಬಗೆಯ ಪಳೆಯುಳಿಕೆಗಳು ಸಿಕ್ಕಿವೆ. ಅಲ್ಲಿ ಪಳೆಯುಳಿಕೆ ಹುಡುಕಿದ ಹ್ಯೂ ಫಾಲ್ಕನರ್ ನೆನಪಿಗೆ ಆ ಪ್ರಭೇದಕ್ಕೆ ಫಾಲ್ಕನೇರಿ ಎಂದು ಹೆಸರು. ಹೋಮೋಥೀರಿಯಂ ಇವೆರಡಕ್ಕಿಂತ ಬೇರೆ ರೀತಿಯದು. ಸಿಂಹದಷ್ಟು ಗಾತ್ರ, ಉದ್ದನೆಯ ಮುಂಗಾಲುಗಳು, ಹಿಂದಕ್ಕೆ ಇಳಿಜಾರಾದ ಬೆನ್ನು. ನಿಂತ ಭಂಗಿ ಸ್ವಲ್ಪ ಕತ್ತೆಕಿರುಬನಂತೆ ಕಾಣುತ್ತಿದ್ದಿರಬೇಕು. ಕೋರೆಗಳು ಸ್ಮೈಲೋಡಾನಿನಷ್ಟು ಉದ್ದವಿಲ್ಲ, ಆದರೆ ಚಪ್ಪಟೆ, ಅಂಚಿನಲ್ಲಿ ಗರಗಸದಂಥ ಹಲ್ಲುಹಲ್ಲು. ಚುಚ್ಚುವುದಕ್ಕಿಂತ ಸೀಳುವುದಕ್ಕೆ ಹೇಳಿ ಮಾಡಿಸಿದಂತಿದ್ದವು.

ಈ ಪ್ರಾಣಿ ವಿಜ್ಞಾನಕ್ಕೆ ಪರಿಚಯವಾದದ್ದೂ ಹಲ್ಲಿನಿಂದಲೇ. 1820ರ ದಶಕದಲ್ಲಿ ಜಾನ್ ಮೆಕ್‌ಎನರಿ ಎಂಬ ಕ್ಯಾಥೊಲಿಕ್ ಪಾದ್ರಿ ಇಂಗ್ಲೆಂಡಿನ ಟಾರ್ಕಿ ಊರಿನ ಕೆಂಟ್ಸ್ ಕೇವರ್ನ್ ಗುಹೆಯನ್ನು ಅಗೆಯುತ್ತಿದ್ದಾಗ ಕೆಲವು ವಿಚಿತ್ರ ಹಲ್ಲುಗಳು ಸಿಕ್ಕವು. 1846ರಲ್ಲಿ ರಿಚರ್ಡ್ ಓವೆನ್ ಅವುಗಳಿಗೆ 'ಲ್ಯಾಟಿಡೆನ್ಸ್', ಅಂದರೆ ಅಗಲ ಹಲ್ಲಿನದು, ಎಂದು ಹೆಸರಿಟ್ಟ. ಹೋಮೋಥೀರಿಯಂ ಎಂಬ ಹೆಸರು ಬಂದದ್ದು ಆಮೇಲೆ, 1890ರಲ್ಲಿ.

ಬಹಳ ಕಾಲ ಇದ್ದ ನಂಬಿಕೆಯೆಂದರೆ, ಯುರೋಪಿನಲ್ಲಿ ಈ ಬೆಕ್ಕು ಸುಮಾರು 3 ಲಕ್ಷ ವರ್ಷಗಳ ಹಿಂದೆಯೇ ಅಳಿದುಹೋಯಿತು ಎಂಬುದು. 2000ದಲ್ಲಿ ಉತ್ತರ ಸಮುದ್ರದಲ್ಲಿ ಒಂದು ಮೀನುಗಾರಿಕೆ ದೋಣಿಯ ಬಲೆಗೆ ಕೆಳದವಡೆಯ ತುಂಡೊಂದು ಬಿತ್ತು. ಹಿಮಯುಗದಲ್ಲಿ ಸಮುದ್ರಮಟ್ಟ ತಗ್ಗಿದ್ದರಿಂದ ಆ ಜಾಗ ಒಣನೆಲವಾಗಿತ್ತು. ದವಡೆಯ ವಯಸ್ಸು ನೋಡಿದರೆ ಸುಮಾರು 28,000 ವರ್ಷ! ಒಂದೇ ಮೂಳೆಯಿಂದ ಲೆಕ್ಕವೆಲ್ಲ ತಲೆಕೆಳಗಾಯಿತು. ನಡುವಿನ ಅಷ್ಟೂ ಕಾಲ ಇವು ಎಲ್ಲಿದ್ದವು, ಆ ಒಂದು ದವಡೆಯನ್ನೇ ಎಷ್ಟು ನಂಬಬಹುದು ಎನ್ನುವ ಅನುಮಾನ ಮಾತ್ರ ಉಳಿದಿತ್ತು.

ಇನ್ನು ಮರಿಯ ಕಥೆಗೆ ಬರೋಣ. ರಷ್ಯಾದ ಈಶಾನ್ಯಕ್ಕಿರುವ ಯಾಕೂಟಿಯಾದಲ್ಲಿ ನೆಲ ವರ್ಷವಿಡೀ ಹೆಪ್ಪುಗಟ್ಟಿರುತ್ತದೆ. ಬೇಸಿಗೆಯಲ್ಲಿ ಮೇಲಿನ ಪದರ ಮಾತ್ರ ಕರಗುತ್ತದೆ, ನದಿಗಳು ದಡ ಕೊರೆಯುತ್ತವೆ, ಒಳಗೆ ಹೂತಿದ್ದದ್ದು ಹೊರಗೆ ಬರುತ್ತದೆ. ಅಲ್ಲಿ ಮ್ಯಾಮತ್ ದಂತ ಹುಡುಕುವುದು ಹಲವರಿಗೆ ಒಂದು ಕಸುಬು. 2020ರಲ್ಲಿ ಬಡ್ಯಾರಿಖಾ ನದಿಯ ಬಳಿ ದಂತ ಹುಡುಕುವವರಿಗೆ ಈ ಮರಿ ಸಿಕ್ಕಿತು. ತಲೆ, ಕತ್ತು, ಮುಂಗಾಲುಗಳು, ಎದೆಯ ಭಾಗ ಚರ್ಮದೊಂದಿಗೆ ಉಳಿದಿದ್ದವು. ಜೊತೆಗೆ ಮಂಜುಗಡ್ಡೆಯಲ್ಲಿ ಸಿಕ್ಕಿಕೊಂಡಿದ್ದ ಸೊಂಟ ಮತ್ತು ಹಿಂಗಾಲಿನ ಮೂಳೆಗಳೂ ಇದ್ದವು.

ಇದರ ವಯಸ್ಸು ಕಂಡುಹಿಡಿದದ್ದು ಕಾರ್ಬನ್ ಕಾಲಮಾಪನದಿಂದ. ಬದುಕಿರುವಾಗ ಪ್ರತಿ ಜೀವಿಯ ದೇಹಕ್ಕೂ ಗಾಳಿ ಮತ್ತು ಆಹಾರದ ಮೂಲಕ ಸ್ವಲ್ಪ ವಿಕಿರಣಶೀಲ ಕಾರ್ಬನ್-14 ಸೇರುತ್ತಿರುತ್ತದೆ. ಸತ್ತ ಮೇಲೆ ಹೊಸದು ಸೇರುವುದಿಲ್ಲ, ಇದ್ದದ್ದು ಪ್ರತಿ 5,730 ವರ್ಷಕ್ಕೆ ಅರ್ಧವಾಗುತ್ತ ಹೋಗುತ್ತದೆ. ಆರು ಸಲ ಅರ್ಧವಾದರೆ ಉಳಿಯುವುದು ಮೊದಲಿದ್ದದ್ದರ 64ರಲ್ಲಿ ಒಂದು ಪಾಲು. ಈ ಮರಿಯ ಕೂದಲಲ್ಲಿ ಉಳಿದದ್ದು ಅದಕ್ಕಿಂತಲೂ ಸ್ವಲ್ಪ ಕಡಿಮೆ. ಗಾಳಿಯಲ್ಲಿನ ಕಾರ್ಬನ್-14 ಪ್ರಮಾಣ ಎಲ್ಲ ಕಾಲದಲ್ಲೂ ಒಂದೇ ಆಗಿರಲಿಲ್ಲವಾದ್ದರಿಂದ ಅದಕ್ಕೂ ತಿದ್ದುಪಡಿ ಮಾಡಿದಾಗ ಬಂದ ಲೆಕ್ಕ: ಸುಮಾರು 35,500ರಿಂದ 37,000 ವರ್ಷ. ಉತ್ತರ ಸಮುದ್ರದ ಆ ದವಡೆ ಇನ್ನು ಒಂಟಿ ಸಾಕ್ಷಿಯಲ್ಲ. ಈ ಪ್ರಭೇದ ಹಿಮಯುಗದ ಕೊನೆಯ ಘಟ್ಟದಲ್ಲೂ ಏಷ್ಯಾದಲ್ಲಿ ಬದುಕಿತ್ತು.

ಸತ್ತಾಗ ಮರಿಗೆ ಎಷ್ಟು ವಯಸ್ಸು? ಹಾಲುಹಲ್ಲುಗಳು ಎಷ್ಟು ಮೂಡಿವೆ ಎಂದು ನೋಡಿ, ಇಂದಿನ ಸಿಂಹದ ಮರಿಗಳೊಂದಿಗೆ ಹೋಲಿಸಿದರು. ಬರೀ ಮೂರು ವಾರ. ಕಣ್ಣು ಬಿಟ್ಟು ಹೆಚ್ಚು ದಿನವಾಗಿರಲಿಕ್ಕಿಲ್ಲ.

ಮೂರು ವಾರದ ಈ ಮರಿ ಸಿಂಹದ ಮರಿಗಿಂತ ಸ್ಪಷ್ಟವಾಗಿ ಬೇರೆಯಾಗಿತ್ತು ಎನ್ನುವುದೇ ಇಡೀ ಅಧ್ಯಯನದ ತಿರುಳು. ಕತ್ತು ಅದೇ ವಯಸ್ಸಿನ ಸಿಂಹದ ಮರಿಯ ಕತ್ತಿಗಿಂತ ಎರಡು ಪಟ್ಟಿಗೂ ಹೆಚ್ಚು ದಪ್ಪ. ಬಾಯಿ ದೊಡ್ಡದು. ಮುಂಗಾಲು ಉದ್ದ. ಕಿವಿಗಳು ಚಿಕ್ಕವು. ಅಂದರೆ ದೊಡ್ಡ ಹೋಮೋಥೀರಿಯಂನ ಮೂಳೆಗಳಲ್ಲಿ ಕಾಣುವ ಮೈಕಟ್ಟು ಬೆಳೆಯುತ್ತಾ ಬಂದದ್ದಲ್ಲ, ಹುಟ್ಟಿನಿಂದಲೇ ಇದ್ದದ್ದು. ಆ ದಪ್ಪ ಕತ್ತಿಗೆ ಕೆಲಸವೂ ಇತ್ತು. ಉದ್ದನೆಯ ಚಪ್ಪಟೆ ಕೋರೆ ಮೂಳೆಗೆ ತಾಗಿದರೆ ಮುರಿಯುವ ಅಪಾಯವಿದೆ. ಆದ್ದರಿಂದ ಬೇಟೆಯನ್ನು ಮೊದಲು ಅಲುಗಾಡದಂತೆ ಹಿಡಿದು, ಆಮೇಲೆ ಕತ್ತಿನ ಬಲದಿಂದ ತಲೆಯನ್ನು ಕೆಳಕ್ಕೆಳೆದು ಮೆತ್ತನೆಯ ಗಂಟಲನ್ನು ಸೀಳಬೇಕು. ಓಡುವ ಪ್ರಾಣಿಯ ಬೆನ್ನಿಗೆ ಕೋರೆಗಳನ್ನು ಭರ್ಜಿಯಂತೆ ನೆಡುವ ದೃಶ್ಯ ಸಿನಿಮಾಕ್ಕೆ ಚೆಂದ, ಅಷ್ಟೇ.

ಪಂಜಗಳದು ಇನ್ನೊಂದು ಕುತೂಹಲ. ಸಿಂಹದ ಮರಿಯ ಪಂಜ ಉದ್ದುದ್ದ. ಇದರದು ಉದ್ದ ಅಗಲ ಹೆಚ್ಚುಕಡಿಮೆ ಒಂದೇ ಇರುವ ದುಂಡು ಪಂಜ. ಇಂದಿನ ಬೆಕ್ಕುಗಳ ಮಣಿಕಟ್ಟಿನ ಹಿಂದೆ ಒಂದು ಪುಟ್ಟ ಮೆತ್ತೆ ಇರುತ್ತದಲ್ಲ (ಮನೆಯಲ್ಲಿ ಬೆಕ್ಕಿದ್ದರೆ ಅದರ ಮುಂಗಾಲು ಹಿಡಿದು ನೋಡಿ, ಪರಚಿದರೆ ನಮ್ಮನ್ನು ಬೈಯಬೇಡಿ), ಅದು ಈ ಮರಿಗೆ ಇರಲೇ ಇಲ್ಲ. ಅಗಲವಾದ ಪಂಜ ಮಂಜಿನಲ್ಲಿ ಹೂತುಹೋಗದೆ ನಡೆಯಲು ಅನುಕೂಲ. ಆ ಚಳಿಗೆ ತಕ್ಕಂತೆ ಮೈತುಂಬ ಮೃದುವಾದ, ಒತ್ತೊತ್ತಾದ, 2ರಿಂದ 3 ಸೆಂಟಿಮೀಟರ್ ಉದ್ದದ ಕಡುಕಂದು ಕೂದಲು. ಮೀಸೆಯೂ ಇದೆ, ಉಗುರುಗಳೂ ಇವೆ. ಚುಕ್ಕೆ, ಪಟ್ಟೆ ಬರೆದಿದ್ದ ಕಲಾವಿದರು ಈಗ ಸ್ವಲ್ಪ ಯೋಚಿಸಬೇಕಾಗುತ್ತದೆ. ಆದರೆ ಇದು ಮರಿಯ ಬಣ್ಣ. ಸಿಂಹದ ಮರಿಗಳ ಮೈಮೇಲಿನ ಚುಕ್ಕೆಗಳು ದೊಡ್ಡದಾಗುತ್ತಾ ಮಾಸುವಂತೆ, ಇದರ ಬಣ್ಣವೂ ಬದಲಾಗುತ್ತಿದ್ದಿರಬಹುದು.

ಹಾಗಾದರೆ ಕೋರೆಹಲ್ಲು ಬಾಯಿಂದ ಹೊರಗೆ ಕಾಣುತ್ತಿತ್ತೇ? ತಜ್ಞರಲ್ಲಿ ಜಗಳವಿರುವ ಪ್ರಶ್ನೆ ಇದು. ಹೋಮೋಥೀರಿಯಂನ ಕೋರೆಗಳು ತುಟಿ ಮತ್ತು ಒಸಡುಗಳಲ್ಲಿ ಮುಚ್ಚಿಹೋಗುತ್ತಿದ್ದವು ಎಂದು 2022ರಲ್ಲಿ ತಲೆಬುರುಡೆಗಳ ಅಧ್ಯಯನವೊಂದು ವಾದಿಸಿತ್ತು. ಈ ಮರಿಯ ಮೇಲ್ದುಟಿ ಸಿಂಹದ ಮರಿಯದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಎತ್ತರವಾಗಿದೆ. ಮುಂದೆ ಬರಲಿರುವ ಉದ್ದನೆಯ ಕೋರೆಗೆ ಹೊದಿಕೆ ಈಗಲೇ ತಯಾರಿದ್ದಂತೆ! ಆ ವಾದಕ್ಕೆ ಇದು ಬಲ ಕೊಡುತ್ತದೆ ಎಂದೇ ನಮಗೆ ಅನಿಸುತ್ತದೆ. ಆದರೂ ಕೋರೆ ಪೂರ್ತಿ ಬೆಳೆದ ದೊಡ್ಡ ಪ್ರಾಣಿಯ ದೇಹ ಹೀಗೆ ಸಿಗುವವರೆಗೆ ತೀರ್ಪು ಬಾಕಿ.

ಇಂಥ ಸುದ್ದಿ ಬಂದಾಗಲೆಲ್ಲ 'ಇದನ್ನು ಮತ್ತೆ ಹುಟ್ಟಿಸಬಹುದಂತೆ' ಎಂಬ ಮಾತು ವಾಟ್ಸಾಪಿನಲ್ಲಿ ಹಿಂದೆಯೇ ಬರುತ್ತದೆ. ಹೊರಗಿನಿಂದ ದೇಹ ಎಷ್ಟೇ ಚೆನ್ನಾಗಿ ಕಂಡರೂ ಮೂವತ್ತೈದು ಸಾವಿರ ವರ್ಷದಲ್ಲಿ ಒಳಗಿನ ಡಿಎನ್ಎ ಚೂರುಚೂರಾಗಿರುತ್ತದೆ. ತದ್ರೂಪು ಮಾಡಲು ಜೀವಂತ ಕೋಶ ಬೇಕು, ಗರ್ಭ ಹೊರಲು ಹತ್ತಿರದ ಸಂಬಂಧಿಯೊಂದು ಬೇಕು. 2 ಕೋಟಿ ವರ್ಷ ಹಿಂದೆಯೇ ಬೇರೆಯಾದ ಈ ಕವಲಿನ ಒಂದು ಬೆಕ್ಕೂ ಇಂದು ಉಳಿದಿಲ್ಲ. ಚೂರುಗಳನ್ನು ಜೋಡಿಸಿ ಓದಬಹುದು, ಓದಿಯೂ ಇದ್ದಾರೆ. ಕೆನಡಾದ ಯೂಕಾನ್‌ನಲ್ಲಿ ಸಿಕ್ಕ ಹೋಮೋಥೀರಿಯಂ ಮೂಳೆಯೊಂದರ ಜೀನ್‌ಗಳನ್ನು 2020ರಲ್ಲಿ ಓದಿದವರು, ಇದು ಹಗಲಲ್ಲಿ ಬೇಟೆಯಾಡುತ್ತಿದ್ದ, ದಣಿಯದೆ ದೂರ ಓಡಬಲ್ಲ ಪ್ರಾಣಿಯಾಗಿದ್ದಿರಬೇಕು ಎಂದಿದ್ದಾರೆ.

ಅದು ಏನನ್ನು ಬೇಟೆಯಾಡುತ್ತಿತ್ತು ಎನ್ನುವುದಕ್ಕೆ ಟೆಕ್ಸಾಸಿನ ಫ್ರೀಸೆನ್‌ಹಾನ್ ಗುಹೆಯಲ್ಲಿ ಒಂದು ಸುಳಿವಿದೆ. ಅಲ್ಲಿ ಹೋಮೋಥೀರಿಯಂನ ಅಮೆರಿಕದ ಪ್ರಭೇದದ ಮೂಳೆಗಳ ಜೊತೆಗೆ ನೂರಾರು ಮ್ಯಾಮತ್ ಮರಿಗಳ ಹಲ್ಲುಗಳು ಬಿದ್ದಿದ್ದವು. ಹಿಮಯುಗ ಮುಗಿಯುತ್ತಾ ಮ್ಯಾಮತ್‌ಗಳೂ ಉಳಿದ ದೊಡ್ಡ ಸಸ್ಯಾಹಾರಿಗಳೂ ಕಡಿಮೆಯಾದವು, ಅವುಗಳ ಹಿಂದೆಯೇ ಈ ಬೆಕ್ಕೂ ಕಣ್ಮರೆಯಾಯಿತು. ಮರಿ ಹೇಗೆ ಸತ್ತಿತೆಂದು ಅಧ್ಯಯನ ಹೇಳಿಲ್ಲ. ದೇಹದ ವಿವರವಾದ ಪರೀಕ್ಷೆ ಇನ್ನೂ ಬಾಕಿಯಿದ್ದು, ಮೂಳೆ ಮತ್ತು ಸ್ನಾಯುಗಳ ಬಗ್ಗೆ ಮುಂದೆ ಬೇರೆಯಾಗಿ ಬರೆಯುವುದಾಗಿ ವಿಜ್ಞಾನಿಗಳು ತಿಳಿಸಿದ್ದಾರೆ.